ರಜೆ ಬಂದರೆ ಊರು, ಬಸದಿ, ನೆಂಟರು: ನೀವಿಬ್ಬರೇ ಎಲ್ಲೂ ಹೋಗಲ್ವಾ?

"ನೀವಿಬ್ಬರೇ ಎಲ್ಲೂ ಹೋಗಲ್ವಾ?" ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಗೆಳತಿಯರ ವಾಟ್ಸಾಪ್ ಗ್ರೂಪಿನಲ್ಲಿ, ಎಲ್ಲ ಕಡೆಯೂ ನನಗೆ ಎದುರಾಗುವ ಪ್ರಶ್ನೆ ಇದು. ಮದುವೆಯಾಗಿ ಹೆಚ್ಚು ವರ್ಷ ಆಗಿಲ್ಲ, ಇನ್ನೂ ಮಕ್ಕಳಿಲ್ಲ, ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ ಇದೆ. ಆದರೂ ರಜೆ ಸಿಕ್ಕಿತೆಂದರೆ ಒಂದೋ ಕಾರ್ಕಳ, ಇಲ್ಲಾಂದ್ರೆ ಚಿಕ್ಕೋಡಿ. ನಡುವೆ ಒಂದೆರಡು ಬಸದಿ. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಅದಕ್ಕೇ ಲಿಫ್ಟಿನಲ್ಲಿ ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರೂ ದಿಗಂಬರ ಜೈನರು. ಬೆಂಗಳೂರಲ್ಲಿ ಹೀಗೆ ಹೇಳಿದ ಕೂಡಲೇ "ಮಾರ್ವಾಡಿಗಳಾ? ಕನ್ನಡ ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲ" ಅನ್ನುತ್ತಾರೆ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಕನ್ನಡವೇ. ನನ್ನ ಗಂಡನ ಮನೆಯಲ್ಲಿ ಕನ್ನಡದ ಜೊತೆ ತುಳು. 2011ರ ಜನಗಣತಿಯಲ್ಲಿ ಕರ್ನಾಟಕದ ಜೈನರು ಸುಮಾರು 4.4 ಲಕ್ಷ. ನೂರು ಜನರಲ್ಲಿ ಒಬ್ಬರೂ ಇಲ್ಲ. ನನ್ನ ತವರು ಚಿಕ್ಕೋಡಿ ಕಡೆ, ಕಬ್ಬು ಬೆಳೆಯುವ ರೈತರ ಮನೆ. ಇವರದು ಕಾರ್ಕಳದ ಹತ್ತಿರ, ತೆಂಗು ಅಡಿಕೆ ತೋಟದ ಮನೆ. ರಾಜ್ಯದ ಎರಡು ತುದಿ.

ಧರ್ಮ ಒಂದೇ ಆದ್ದರಿಂದ ಹೊಂದಿಕೊಳ್ಳುವುದು ಸುಲಭ ಅಂತ ಮದುವೆಗೆ ಮೊದಲು ಎಲ್ಲರೂ ಹೇಳಿದ್ದರು. ಆದರೆ ಒಂದೇ ಧರ್ಮ ಎರಡು ಊರಲ್ಲಿ ಎಷ್ಟು ಬೇರೆ ಥರ ಇರುತ್ತದೆ ಅಂತ ಗೊತ್ತಾಗಿದ್ದು ಆಮೇಲೆ. ನಮ್ಮ ಕಡೆ ಧರ್ಮ ಅಂದರೆ ನಡೆದು ಬರುವ ಮುನಿಗಳು. ನಾವು ಅವರನ್ನು ಮಹಾರಾಜರು ಅನ್ನುತ್ತೇವೆ. ಇಪ್ಪತ್ತನೇ ಶತಮಾನದಲ್ಲಿ ದಿಗಂಬರ ಮುನಿ ಪರಂಪರೆಗೆ ಮತ್ತೆ ಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು (1872-1955) ನಮ್ಮ ಕಡೆಯ ಭೋಜ ಗ್ರಾಮದವರು. ದೂಧಗಂಗಾ, ವೇದಗಂಗಾ ನದಿಗಳು ಸೇರುವ ಊರು ಅದು. ಅವರ ಕಥೆ ಕೇಳಿಕೊಂಡೇ ನಾನು ಬೆಳೆದೆ. ಇವರ ಕಡೆ ಧರ್ಮ ಅಂದರೆ ಕಲ್ಲು. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟ, ಅದರ ಎದುರಿಗೆ 1586ರ ಚತುರ್ಮುಖ ಬಸದಿ, ಹತ್ತಿರದಲ್ಲೇ ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಮಠ, ಆ ಮಠದ ಸ್ವಾಮಿಗಳಾದ ಭಟ್ಟಾರಕರು. ಮನೆಯ ದೈವಗಳಿಗೆ ವರ್ಷಕ್ಕೊಮ್ಮೆ ಸೇವೆಯೂ ಉಂಟು. ಅದನ್ನು ಮೊದಲ ಸಲ ನೋಡಿದಾಗ ನಾನು ರಾತ್ರಿಯಿಡೀ ಅತ್ತೆಯ ಪಕ್ಕ ಬಿಟ್ಟು ಕದಲಲಿಲ್ಲ.

ನನ್ನ ಗಂಡ ಯಾವುದರ ಮಧ್ಯೆ ಬೆಳೆದರು ಅನ್ನುವುದು ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಕೂತರೆ ನನಗೆ ಗೊತ್ತಾಗುತ್ತಿರಲಿಲ್ಲ. ನನ್ನ ವಿಷಯದಲ್ಲಿ ಅವರಿಗೂ ಅಷ್ಟೇ. ಎಲ್ಲೂ ಹೋಗಲ್ವಾ ಅಂದರೆ ನನ್ನ ಉತ್ತರ ಇದೇ: ನಾವು ಒಬ್ಬರ ಊರಿಗೆ ಇನ್ನೊಬ್ಬರು ಹೋಗುತ್ತಿದ್ದೇವೆ. ಅದು ಇನ್ನೂ ಮುಗಿದಿಲ್ಲ.

ಯಾವಾಗ ಯಾವ ಊರು ಅನ್ನುವುದನ್ನು ನಾವು ಜಾಸ್ತಿ ಯೋಚಿಸುವುದಿಲ್ಲ. ಕಾಲವೇ ಹೇಳುತ್ತದೆ. ಮಳೆಗಾಲ ಅಂದರೆ ಚಾತುರ್ಮಾಸ. ನೆಲದಲ್ಲಿ ಹುಳುಹುಪ್ಪಟೆ ಹೆಚ್ಚುವ ಕಾಲ, ನಡೆದರೆ ಹಿಂಸೆ ಅಂತ ಮುನಿಗಳು ಆಷಾಢದಿಂದ ದೀಪಾವಳಿಯ ತನಕ ಒಂದೇ ಊರಲ್ಲಿ ನಿಲ್ಲುತ್ತಾರೆ. ವರ್ಷವಿಡೀ ಬರಿಗಾಲಲ್ಲಿ ನಡೆಯುವವರು ನಿಂತಿರುವಾಗ ನಾವು ಅವರಿದ್ದಲ್ಲಿಗೆ ಹೋಗುತ್ತೇವೆ. ಒಂದು ವರ್ಷ ನಮ್ಮೂರಿನ ಪಕ್ಕದಲ್ಲೇ ಚಾತುರ್ಮಾಸ ನಡೆಯಿತು. ಆಹಾರದಾನಕ್ಕೆ ನೀವಿಬ್ಬರೂ ಬರಲೇಬೇಕು ಅಂತ ಅವ್ವ ಫೋನ್ ಮಾಡಿದಳು.

ಇದನ್ನು ನೋಡದವರಿಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮುನಿಗಳು ದಿನಕ್ಕೆ ಒಂದೇ ಸಲ ಊಟ ಮಾಡುತ್ತಾರೆ. ತಟ್ಟೆ ಇಲ್ಲ, ನಿಂತುಕೊಂಡೇ, ಎರಡು ಕೈ ಜೋಡಿಸಿದ ಬೊಗಸೆಯಲ್ಲಿ. ಅವರಿಗಾಗಿ ಮಡಿಯಲ್ಲಿ ಅಡುಗೆ ಮಾಡುವುದಕ್ಕೆ ನಮ್ಮ ಕಡೆ ಚೌಕಾ ಹಾಕುವುದು ಅನ್ನುತ್ತಾರೆ. ಬಾವಿ ನೀರು ಸೇದಿ, ಬಟ್ಟೆಯಲ್ಲಿ ಸೋಸಿ, ಕಾಯಿಸಬೇಕು. ಹಿಟ್ಟು ಮನೆಯಲ್ಲೇ ಬೀಸಿದ್ದು ಆಗಬೇಕು. ಬೆಳಿಗ್ಗೆ ಹತ್ತರ ಹೊತ್ತಿಗೆ ಮನೆಮನೆಯ ಮುಂದೆ ಗಂಡ ಹೆಂಡತಿ ತೆಂಗಿನಕಾಯಿ ಇಟ್ಟ ಕಲಶ ಹಿಡಿದು ನಿಂತಿರುತ್ತಾರೆ. ಮಹಾರಾಜರು ಬಲಗೈ ಬೆರಳುಗಳನ್ನು ಭುಜಕ್ಕೆ ತಾಗಿಸಿಕೊಂಡು, ನವಿಲುಗರಿಯ ಪಿಂಛಿ, ನೀರಿನ ಕಮಂಡಲು ಹಿಡಿದು, ಮಾತಿಲ್ಲದೆ ಬೀದಿಯಲ್ಲಿ ಬರುತ್ತಾರೆ. ಇಂಥದ್ದು ಕಂಡರೆ ಮಾತ್ರ ನಿಲ್ಲುತ್ತೇನೆ ಅಂತ ಮನಸ್ಸಿನಲ್ಲೇ ಒಂದು ನೇಮ ಮಾಡಿಕೊಂಡಿರುತ್ತಾರೆ. ಅದೇನು ಅಂತ ಯಾರಿಗೂ ಗೊತ್ತಿರುವುದಿಲ್ಲ. ಎಲ್ಲೂ ಹೊಂದದಿದ್ದರೆ ಆ ದಿನ ಉಪವಾಸ.

"ನಮೋಸ್ತು, ನಮೋಸ್ತು, ನಮೋಸ್ತು. ಅತ್ರ, ಅತ್ರ, ಅತ್ರ. ತಿಷ್ಠ, ತಿಷ್ಠ, ತಿಷ್ಠ." ನಮಸ್ಕಾರ, ಇಲ್ಲಿ ನಿಲ್ಲಿ ಅಂತ ಮುನಿಗಳನ್ನು ಕರೆಯುವ ಮಾತು. ನನ್ನ ಗಂಡ ಇದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಬಂದಿದ್ದರು. ಮೊದಲ ದಿನ ಮಹಾರಾಜರು ನಮ್ಮನ್ನು ದಾಟಿ ಮುಂದೆ ಹೋಗಿಬಿಟ್ಟರು. ಮುಂಜಾನೆ ಮೂರಕ್ಕೆ ಎದ್ದು ಮಾಡಿದ ಅಡುಗೆ ಒಳಗೆ ಹಾಗೇ ಇತ್ತು. ಅವ್ವ ಒಂದು ಮಾತೂ ಬೇಸರದಿಂದ ಆಡಲಿಲ್ಲ. "ನಾಳಿ ಮತ್ತ ನಿಲ್ಲೂಣು" ಅಂದಳು, ಅಷ್ಟೇ. ಮರುದಿನ ಮತ್ತೆ ಅದೇ ಕೆಲಸ, ಅದೇ ಕಲಶ. ಆ ದಿನ ಅವರು ನಮ್ಮ ಮುಂದೆ ನಿಂತರು. ಇವರ ಕೈಯಲ್ಲಿದ್ದ ಕಲಶದ ಕಾಯಿ ಅಲ್ಲಾಡುತ್ತಿದ್ದುದು ನನಗೆ ಕಾಣುತ್ತಿತ್ತು. ಒಳಗೆ ಬೊಗಸೆಗೆ ನೀರು ಹಾಕುವ ಸರದಿ ಇವರದು. ಅನ್ನದಲ್ಲಿ ಒಂದು ಕೂದಲು ಸಿಕ್ಕರೂ ಅಂತರಾಯ, ಊಟ ಅಲ್ಲಿಗೇ ನಿಲ್ಲುತ್ತದೆ, ಮರುದಿನದ ತನಕ ನೀರೂ ಇಲ್ಲ. ಹಾಗಾಗಿ ಮನೆಯವರೆಲ್ಲ ಒಂದೊಂದು ತುತ್ತನ್ನೂ ಬೆಳಕಿಗೆ ಹಿಡಿದು ನೋಡಿ ಕೊಡುತ್ತಿದ್ದರು. ಇನ್ನೊಬ್ಬರ ಊಟದ ಮೇಲೆ ನಾನು ಅಷ್ಟು ಗಮನ ಇಟ್ಟಿದ್ದು ಅದೇ ಮೊದಲು. ಇವರು ಮಾವನಿಗೆ ಫೋನ್ ಮಾಡಿ ಇಡೀ ಕಥೆ ಹೇಳಿದರು, ತುಳುವಿನಲ್ಲಿ, ಒಂದು ಗಂಟೆ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ. ಹತ್ತು ದಿನ, ದಿನಕ್ಕೊಂದು ಗುಣದ ಚಿಂತನೆ. ಆಗ ಪೂರ್ತಿ ರಜೆ ಸಿಗುವುದಿಲ್ಲ, ಬೆಂಗಳೂರಿನ ಬಸದಿಯಲ್ಲೇ ಸಂಜೆ ಪ್ರವಚನಕ್ಕೆ ಹೋಗುತ್ತೇವೆ. ಪರ್ವ ಮುಗಿದ ಮೇಲೆ ಕ್ಷಮಾವಣಿ. ವರ್ಷದಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದರೆ ಕ್ಷಮಿಸಿ ಅಂತ ಎಲ್ಲರಲ್ಲೂ ಕೇಳುವ ದಿನ. ಫಾರ್ವರ್ಡ್ ಮೆಸೇಜ್ ಕಳಿಸಿ ಮುಗಿಸುವವರೂ ಇದ್ದಾರೆ. ನನಗೆ ಅದು ಸರಿ ಅನಿಸುವುದಿಲ್ಲ. ಕ್ಷಮೆ ಕೇಳುವಾಗ ಧ್ವನಿಯಾದರೂ ಇರಬೇಕು. ನಾವು ಮೊದಲು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ, ಆಮೇಲೆ ಹಿರಿಯರಿಂದ ಶುರುಮಾಡಿ ಒಬ್ಬೊಬ್ಬರಿಗೇ ಫೋನ್. ಮದುವೆ ಮಾತುಕತೆಯ ಹೊತ್ತಿನಲ್ಲಿ ಮುನಿಸಿಕೊಂಡಿದ್ದ ನೆಂಟರೊಬ್ಬರು ನಮ್ಮ ಜೊತೆ ಮಾತು ಶುರುಮಾಡಿದ್ದು ಇಂಥ ಒಂದು ಫೋನಿನಿಂದಲೇ.

ದೀಪಾವಳಿಗೆ ಕಾರ್ಕಳ. ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ್ದು ಆ ಅಮಾವಾಸ್ಯೆಯ ನಸುಕಿನಲ್ಲಿ ಅಂತ ನಮ್ಮ ನಂಬಿಕೆ. ಹಾಗಾಗಿ ಬೆಳಗಾಗುವ ಮೊದಲೇ ಬಸದಿಯಲ್ಲಿ ಇರಬೇಕು. ಪಟಾಕಿ ಇಲ್ಲ.

ಚಳಿಗಾಲದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ತವರಿಗೆ. ಆಗ ಕಬ್ಬು ಕಡಿಯುವ ಕಾಲ, ಅಪ್ಪನಿಗೆ ಮಾತಾಡಲೂ ಪುರುಸೊತ್ತಿಲ್ಲ. ಇವರು ಅಪ್ಪನ ಹಿಂದೆ ಹೊಲಕ್ಕೆ ಹೋಗಿ ಟ್ರ್ಯಾಕ್ಟರ್ ಲೋಡ್ ಆಗುವ ತನಕ ಅಲ್ಲೇ ಇರುತ್ತಾರೆ. ಕತ್ತಲಾದ ಮೇಲೆ ನಾವು ಊಟ ಮಾಡುವುದಿಲ್ಲ. ಪ್ರಯಾಣದ ದಿನವೂ ಸೂರ್ಯ ಮುಳುಗುವ ಮೊದಲೇ ಮುಗಿಸಬೇಕಲ್ವಾ, ಅದಕ್ಕೆ ಆಫೀಸಿನಲ್ಲೇ ಸಂಜೆ ಡಬ್ಬಿ ತೆರೆಯುತ್ತೇನೆ. ಈಗ ಸಹೋದ್ಯೋಗಿಗಳಿಗೂ ಗೊತ್ತು, ಆ ಹೊತ್ತಿಗೆ ಮೀಟಿಂಗ್ ಇಡುವುದಿಲ್ಲ.

2024ರಲ್ಲಿ ವೇಣೂರಿನ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆಯಿತು. 1604ರಲ್ಲಿ ತಿಮ್ಮಣ್ಣ ಅಜಿಲ ಮಾಡಿಸಿದ ಮೂರ್ತಿ ಅದು. ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ ಬರುವ ಅವಕಾಶ. ನನ್ನ ತವರಿನವರನ್ನೆಲ್ಲ ಮಾವ ಕರೆಸಿದರು. ಚಿಕ್ಕೋಡಿಯ ಅವ್ವ, ಕಾರ್ಕಳದ ಅತ್ತೆ ಒಂದೇ ಚಾಪೆ ಮೇಲೆ ಕೂತು ಮೇಲೆ ನೋಡುತ್ತಿದ್ದರು. ನೀರು, ಎಳನೀರು, ಕಬ್ಬಿನ ಹಾಲು ಆಗುವಾಗ ಕಲ್ಲು ಬರೀ ಹೊಳೆಯುತ್ತಿತ್ತು. ಹಾಲು ಬಿದ್ದಾಗ ಮೂರ್ತಿಯ ಮುಖವೇ ಬೇರೆಯಾಯಿತು. ಅರಿಶಿನದ ನೀರು ಗುಂಗುರು ಕೂದಲಿನಿಂದ ಹೆಗಲಿಗೆ, ಹೆಗಲಿನಿಂದ ತೋಳಿಗೆ ಸುತ್ತಿದ ಬಳ್ಳಿಗೆ ಇಳಿಯುತ್ತಾ ಬಂತು. ಆಮೇಲೆ ಚಂದನ, ಇಡೀ ಮೈ ಕೆಂಪು. ಕಬ್ಬಿನ ಹಾಲಿನ ಕೊಡ ಸುರಿದಾಗ ಅವ್ವ ಅತ್ತೆಯ ಕೈ ಹಿಡಿದು "ಇದು ನಮ್ಮ ಬೆಳಿ ನೋಡ್ರಿ" ಅಂದಳು. ಅಲ್ಲಿಯ ತನಕ ಇಬ್ಬರೂ "ಹೆಂಗದೀರಿ, ಊಟ ಆಯ್ತಾ" ಅನ್ನುವುದಕ್ಕಿಂತ ಜಾಸ್ತಿ ಮಾತಾಡಿರಲಿಲ್ಲ. ಅವತ್ತಿನಿಂದ ನನ್ನನ್ನು ಬಿಟ್ಟು ಅವರಿಬ್ಬರೇ ಫೋನಲ್ಲಿ ಮಾತಾಡುತ್ತಾರೆ.

ಬೇಸಿಗೆಯದು ಮಹಾವೀರ ಜಯಂತಿ, ಅಕ್ಷಯ ತದಿಗೆ, ಮದುವೆಗಳು. ಅದು ಎಲ್ಲರ ಮನೆಯಲ್ಲೂ ಇರುವಂಥದ್ದೇ.

ಎಲ್ಲವೂ ಹಿತವಾಗಿಯೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಪ್ರತಿ ಸಲ ಹೋದಾಗಲೂ ಯಾರಾದರೊಬ್ಬರು "ಏನಾದ್ರೂ ವಿಶೇಷ ಉಂಟಾ?" ಅಂತ ಹೊಟ್ಟೆಯ ಕಡೆ ನೋಡುತ್ತಾರೆ. ಆ ಪ್ರಶ್ನೆ ನನಗೆ ನೋವು ಕೊಡುತ್ತದೆ. ಹಿರಿಯರಾದರೂ ಅದನ್ನು ಕೇಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈಗ ಇವರೇ ನನಗಿಂತ ಮೊದಲು ಉತ್ತರ ಕೊಟ್ಟು ಮಾತು ತಿರುಗಿಸುತ್ತಾರೆ. ರಜೆ, ದುಡ್ಡು ಕೂಡ ಎರಡು ಊರಿಗೆ ಹಂಚಬೇಕು. ಯಾವ ವರ್ಷ ಯಾವ ಮನೆಗೆ ಕಡಿಮೆ ಆಯಿತು ಅನ್ನುವ ಲೆಕ್ಕ ಎರಡೂ ಕಡೆ ಇರುತ್ತದೆ.

ಹಾಗಂತ ನಾವಿಬ್ಬರೇ ಇರುವ ಹೊತ್ತು ಇಲ್ಲವೇ ಇಲ್ಲ ಅಂತಲ್ಲ. ಮಳೆಗಾಲದಲ್ಲಿ ಕಾರ್ಕಳಕ್ಕೆ ಹೋದರೆ ಒಂದು ದಿನ ವರಂಗಕ್ಕೆ ಹೋಗುತ್ತೇವೆ. ಕೆರೆಯ ನಡುವೆ ಬಸದಿ, ಸಣ್ಣ ದೋಣಿಯಲ್ಲೇ ಹೋಗಬೇಕು. ಸುತ್ತ ಗದ್ದೆ, ಹಿಂದೆ ಪಶ್ಚಿಮ ಘಟ್ಟ, ನೀರಿನ ತುಂಬ ತಾವರೆ ಎಲೆ. ದೋಣಿ ಹುಟ್ಟು ಹಾಕುವವರು ನಮ್ಮನ್ನು ಬಿಟ್ಟು ದಡಕ್ಕೆ ವಾಪಸ್ ಹೋಗುತ್ತಾರೆ. ಅವರು ಇನ್ನೊಂದು ಸರದಿ ಜನರನ್ನು ಕರೆತರುವ ತನಕ ಕಲ್ಲಿನ ಜಗಲಿಯ ಮೇಲೆ ಕೂತು ಸಾಲ, ಕೆಲಸ, ಮಗು ಎಲ್ಲವನ್ನೂ ಮಾತಾಡುತ್ತೇವೆ. ಕೆಲಸ ಬದಲಿಸುವ ನಿರ್ಧಾರ ನಾನು ತೆಗೆದುಕೊಂಡಿದ್ದು ಅಲ್ಲೇ.

ದೂರ ಹೋಗುವ ಆಸೆಯೂ ಇದೆ. ಮುಂದಿನ ಚಳಿಗಾಲಕ್ಕೆ ಜಾರ್ಖಂಡಿನ ಸಮ್ಮೇದ ಶಿಖರಜಿ. ಇಪ್ಪತ್ತನಾಲ್ಕು ತೀರ್ಥಂಕರರಲ್ಲಿ ಇಪ್ಪತ್ತು ಜನ ನಿರ್ವಾಣ ಹೊಂದಿದ ಬೆಟ್ಟ ಅದು. ಹತ್ತಿ, ಸುತ್ತಿ, ಇಳಿಯುವುದಕ್ಕೆ ಒಟ್ಟು 27 ಕಿಲೋಮೀಟರ್ ನಡೆಯಬೇಕು. ಇಬ್ಬರೇ ಹೋಗುವುದಾ ಅಂತ ಕೇಳಬೇಡಿ, ಅವ್ವ ಮತ್ತು ಅತ್ತೆ ಆಗಲೇ ಸೀರೆ ಆರಿಸಿಟ್ಟಿದ್ದಾರೆ. ಅತ್ತೆಗೆ ಮೊಣಕಾಲು ನೋವು, ಅವರಿಗೆ ಡೋಲಿ ಮಾಡುತ್ತೇವೆ. ಅವ್ವ ಮಾತ್ರ ನಡೆದೇ ಹತ್ತುತ್ತೇನೆ ಅಂತ ಹಟ ಹಿಡಿದು, ದಿನಾ ಬೆಳಿಗ್ಗೆ ಹೊಲದ ತನಕ ಬರಿಗಾಲಲ್ಲಿ ಹೋಗಿ ಬರುತ್ತಿದ್ದಾಳಂತೆ. ಬುಕಿಂಗ್ ತೆರೆದ ದಿನವೇ ನಾಲ್ಕು ಬರ್ತ್ ತೆಗೆಯಬೇಕು, ಎರಡಾದರೂ ಲೋವರ್ ಸಿಗಲೇಬೇಕು.