ಸದ್ದಿಲ್ಲದ ಹಜಾರವನ್ನು ಒಳ್ಳೆಯದೆಂದು ನಂಬಿದ್ದೆ

ಅಮ್ಮನನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು ಇನ್ನು ನಮ್ಮ ಕೈಲಾಗದು ಎಂದು ಒಪ್ಪಿಕೊಳ್ಳುವ ಹೊತ್ತಿಗೆ ಅವಳ ಮರೆವಿನ ಕಾಯಿಲೆಗೆ ಐದು ವರ್ಷ ತುಂಬಿತ್ತು. ನಾನೂ ತಂಗಿಯೂ ಸೇರಿ ನಾಲ್ಕು ಆರೈಕೆ ಕೇಂದ್ರಗಳನ್ನು ನೋಡಿ ಬಂದೆವು. ಕೊನೆಗೆ ನಾವು ಆರಿಸಿದ ಕೇಂದ್ರದ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು, ಮೂತ್ರದ ವಾಸನೆ ಎಲ್ಲಿಯೂ ಇರಲಿಲ್ಲ, ಹಜಾರದಲ್ಲಿ ಹತ್ತು ಹನ್ನೆರಡು ಮಂದಿ ಹಿರಿಯರು ಗೋಡೆಗುಂಟ ಇಟ್ಟ ಕುರ್ಚಿಗಳಲ್ಲಿ ಸದ್ದಿಲ್ಲದೆ ಕುಳಿತಿದ್ದರು. ಉಳಿದ ಮೂರು ಕಡೆ ಯಾರೋ ಕೂಗುತ್ತಿದ್ದರು, ಇನ್ಯಾರೋ ಬಾಗಿಲು ತಟ್ಟುತ್ತಿದ್ದರು, ಒಬ್ಬರಂತೂ ನನ್ನ ಕೈಚೀಲವನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಹೊರಗೆ ಬಂದ ಮೇಲೆ ತಂಗಿ "ಇಲ್ಲಿ ಎಷ್ಟು ಶಾಂತವಾಗಿದೆ ನೋಡಕ್ಕ" ಎಂದಳು. ನನಗೂ ಹಾಗೆಯೇ ಅನ್ನಿಸಿತ್ತು.

ದಿನವಿಡೀ ಮನೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇರುತ್ತಿದ್ದ ಅಮ್ಮ ಮೂರೇ ವಾರದಲ್ಲಿ ಆ ಕುರ್ಚಿಗಳಲ್ಲೊಂದರಲ್ಲಿ ಕುಳಿತುಬಿಟ್ಟಳು. ಫೋನ್ ಮಾಡಿದಾಗಲೆಲ್ಲ "ಚೆನ್ನಾಗಿ ಹೊಂದಿಕೊಂಡಿದ್ದಾರೆ, ಒಂಚೂರೂ ತೊಂದರೆ ಕೊಡುವುದಿಲ್ಲ" ಎನ್ನುತ್ತಿದ್ದರು. ಅದನ್ನು ಕೇಳಿ ನಾವು ಹಿಗ್ಗಿದ್ದೂ ನಿಜ. ಚಮಚ ಹಿಡಿಯಲು ಬಾರದಾಗಿ, ಬಾಯಿಯಂಚಿನಿಂದ ಜೊಲ್ಲು ಇಳಿಯತೊಡಗಿ, ಎದ್ದು ನಿಂತರೆ ಒಂದು ಕಡೆಗೆ ವಾಲುವಂತಾದ ಮೇಲೆ ನಾನು ಔಷಧದ ಪಟ್ಟಿಯನ್ನು ಕೇಳಿ ಪಡೆದೆ. ದಿನಕ್ಕೆರಡು ಹೊತ್ತು ರಿಸ್ಪೆರಿಡೋನ್ ಎಂಬ, ಮನೋರೋಗಗಳ ಭ್ರಮೆ ಉದ್ವೇಗಗಳನ್ನು ತಗ್ಗಿಸುವ ಮಾತ್ರೆ ಕೊಡಲಾಗುತ್ತಿತ್ತು. ಅದನ್ನು ಆರಂಭಿಸಿದ ದಿನಾಂಕವಿತ್ತು. ಯಾಕೆ ಆರಂಭಿಸಿದರೆಂಬುದಾಗಲಿ, ಯಾವಾಗ ನಿಲ್ಲಿಸಬೇಕೆಂಬುದಾಗಲಿ ಎಲ್ಲಿಯೂ ಬರೆದಿರಲಿಲ್ಲ. ನಮ್ಮನ್ನಂತೂ ಯಾರೂ ಒಂದು ಮಾತು ಕೇಳಿರಲಿಲ್ಲ.

ಇಂಥ ಮನೋರೋಗನಿರೋಧಕ ಔಷಧಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆಯಾದ ಎಫ್‌ಡಿಎ 2005ರಲ್ಲೇ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಹೊರಡಿಸಿತ್ತು. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ವೃದ್ಧರಲ್ಲಿ ಈ ಔಷಧ ತೆಗೆದುಕೊಂಡವರು ಸಾಯುವ ಸಂಭವ ತೆಗೆದುಕೊಳ್ಳದವರಿಗಿಂತ 1.6ರಿಂದ 1.7 ಪಟ್ಟು ಹೆಚ್ಚೆಂದು ಕಂಡುಬಂದಿತ್ತು. ಲೂಯಿ ಬಾಡಿ ಬಗೆಯ ಡಿಮೆನ್ಶಿಯಾ ಇದ್ದವರಿಗೆ ಇವು ಇನ್ನೂ ಅಪಾಯಕಾರಿ. ಈ ಮಾತ್ರೆಗಳು ಬೇಡವೇ ಬೇಡವೆಂದು ನಾನು ವಾದಿಸುತ್ತಿಲ್ಲ. ತಮಗೂ ಇತರರಿಗೂ ಅಪಾಯವಾಗುವಷ್ಟು ಉದ್ವೇಗವಿರುವವರಿಗೆ ಸಣ್ಣ ಪ್ರಮಾಣದಲ್ಲಿ, ಕೆಲವೇ ವಾರಗಳ ಮಟ್ಟಿಗೆ ಇವು ನೆರವಾಗುವುದುಂಟು. ಬ್ರಿಟನ್ನಿನಲ್ಲಿ ಆಲ್ಝೈಮರ್ ರೋಗಿಗಳ ತೀವ್ರ ಆಕ್ರಮಣಶೀಲತೆಗೆ ರಿಸ್ಪೆರಿಡೋನ್ ಕೊಡಲು ಅನುಮತಿಯಿರುವುದು ಹೆಚ್ಚೆಂದರೆ ಆರು ವಾರಗಳಿಗೆ. ಅಮ್ಮ ಅದನ್ನು ಐದು ತಿಂಗಳು ನುಂಗಿದ್ದಳು. ಹಾಗಾಗಿ ಈಗ ಯಾರಾದರೂ ಕೇಂದ್ರವನ್ನು ನೋಡಲು ಹೋಗುತ್ತೇವೆಂದರೆ ನಾನು ಮೊದಲು ಹೇಳಿಕೊಡುವ ಪ್ರಶ್ನೆಗಳು ಇವೇ: ಇಲ್ಲಿರುವವರಲ್ಲಿ ಎಷ್ಟು ಮಂದಿಗೆ ಇಂಥ ಮಾತ್ರೆ ನಡೆಯುತ್ತಿದೆ, ಅದನ್ನು ಕೊಡುವ ಮುಂಚೆ ಬೇರೆ ಏನೇನು ಮಾಡಿ ನೋಡಿದಿರಿ, ಕೊನೆಯ ಸಲ ಅದನ್ನು ಮರುಪರಿಶೀಲಿಸಿದ್ದು ಯಾವಾಗ. ಉತ್ತರ ಗೊತ್ತಿಲ್ಲದೆ ತಡವರಿಸಿದರೂ ಚಿಂತೆಯಿಲ್ಲ, ಕಡತ ತೆಗೆದು ನೋಡಿ ಹೇಳಬಹುದು. ಪ್ರಶ್ನೆಯೇ ಅಧಿಕಪ್ರಸಂಗವೆಂಬಂತೆ ಮುಖ ಮಾಡಿದರೆ ಮಾತ್ರ ಅಲ್ಲಿಂದ ಎದ್ದು ಬರಬೇಕು.

ಮಾತ್ರೆಯೊಂದೇ ಮನುಷ್ಯರನ್ನು ಸುಮ್ಮನಾಗಿಸುವುದಿಲ್ಲ. ಒಮ್ಮೆ ಕುಳಿತರೆ ತಾವಾಗಿ ಏಳಲಾಗದಷ್ಟು ಆಳವಾದ ಸೋಫಾ, ತೊಡೆಯ ಮೇಲೆ ಅಡ್ಡವಾಗಿ ಕೂರಿಸಿದ ಹಲಗೆ, ಎರಡೂ ಬದಿಗೆ ಎತ್ತಿ ನಿಲ್ಲಿಸಿದ ಮಂಚದ ಕಂಬಿ, ಇವೆಲ್ಲ ಹಗ್ಗವಿಲ್ಲದ ಕಟ್ಟುಗಳೇ. "ಬೀಳದಿರಲೆಂದು" ಎಂಬುದು ಇವಕ್ಕೆ ಕೊಡುವ ಕಾರಣ. ಆದರೆ ಕಂಬಿಯನ್ನು ದಾಟಲು ಹೋಗಿ ಬಿದ್ದವರು ಇನ್ನೂ ಎತ್ತರದಿಂದ ಬೀಳುತ್ತಾರೆ, ಕುಳಿತೇ ಇದ್ದವರ ಕಾಲಿನ ಬಲ ಕೆಲವೇ ವಾರಗಳಲ್ಲಿ ಕುಗ್ಗುತ್ತದೆ. ಕೇಳಿಸುವ ಯಂತ್ರದ ಬ್ಯಾಟರಿ ತೀರಿಹೋಗಿ ತಿಂಗಳಾದರೂ ಯಾರೂ ಗಮನಿಸದೆ ಮೌನಕ್ಕೆ ಇಳಿದವರಿರುತ್ತಾರೆ. ಸನ್ನಿಯೆಂದರೆ ಬಡಬಡಿಸುವುದು ಎಂದು ನಾವೆಲ್ಲ ತಿಳಿದಿದ್ದೇವೆ, ಆದರೆ ಸೋಂಕಿನಿಂದಲೋ ನೀರಿನಂಶ ಕಡಿಮೆಯಾಗಿಯೋ ಬರುವ ಸನ್ನಿಯಲ್ಲಿ ಇದ್ದಕ್ಕಿದ್ದಂತೆ ಮಂಕಾಗಿ, ಮಾತು ನಿಂತು, ತೂಕಡಿಸುತ್ತಲೇ ಇರುವ ಬಗೆಯೂ ಒಂದುಂಟು, ಮತ್ತು ಯಾರಿಗೂ ತೊಂದರೆ ಕೊಡದೆ ಇರುವ ಕಾರಣಕ್ಕೇ ಅದು ಹೆಚ್ಚಾಗಿ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಹಾಗಾದರೆ ಏನನ್ನು ನೋಡಬೇಕು? ಆರೈಕೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂಬ ಮೂರು ಮೆಟ್ಟಿಲುಗಳಲ್ಲಿ ಅಳೆಯಬೇಕೆಂದು ಆರೋಗ್ಯಸೇವೆಯ ಗುಣಮಟ್ಟದ ಸಂಶೋಧಕ ಅವೆಡಿಸ್ ಡೊನಬೆಡಿಯನ್ 1966ರಲ್ಲಿ ಸೂಚಿಸಿದರು. ನಮ್ಮಂಥ ಮನೆಯವರ ಕಣ್ಣಿಗೆ ಬೀಳುವುದು ಮೊದಲನೆಯದು ಮಾತ್ರ: ಕಟ್ಟಡ, ಹಾಸಿಗೆ, ಪರವಾನಗಿ, ಗೋಡೆಗೆ ತೂಗುಹಾಕಿದ ಚಟುವಟಿಕೆಗಳ ಪಟ್ಟಿ. ಪ್ರಕ್ರಿಯೆಯನ್ನು, ಅಂದರೆ ಆರೈಕೆ ನಿಜಕ್ಕೂ ಹೇಗೆ ನಡೆಯುತ್ತದೆಂಬುದನ್ನು, ನೋಡಬೇಕಾದರೆ ಅಲ್ಲಿ ಕುಳಿತುಕೊಳ್ಳಬೇಕು. ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಟ್‌ವುಡ್ ಮತ್ತು ಕ್ಯಾಥ್ಲೀನ್ ಬ್ರೆಡಿನ್ ರೂಪಿಸಿದ ವಿಧಾನವೊಂದರಲ್ಲಿ ವೀಕ್ಷಕರು ಹಜಾರದ ಮೂಲೆಯಲ್ಲಿ ಗಂಟೆಗಟ್ಟಲೆ ಕುಳಿತು, ಪ್ರತಿ ಐದು ನಿಮಿಷಕ್ಕೊಮ್ಮೆ ತಾವು ಗಮನಿಸುತ್ತಿರುವ ಕೆಲವರಲ್ಲಿ ಪ್ರತಿಯೊಬ್ಬರೂ ಏನು ಮಾಡುತ್ತಿದ್ದಾರೆ, ಅವರ ಮನಸ್ಸು ಹೇಗಿರುವಂತಿದೆ ಎಂದು ಗುರುತು ಹಾಕುತ್ತಾ ಹೋಗುತ್ತಾರೆ. ಅದಕ್ಕೆ ಸರಿಯಾದ ತರಬೇತಿ ಬೇಕು. ಆದರೆ ಅದರ ಬಡ ನಕಲೊಂದನ್ನು ಯಾರು ಬೇಕಾದರೂ ಮಾಡಬಹುದು. ಅಮ್ಮನಿಗೆ ಎರಡನೆಯ ಕೇಂದ್ರವನ್ನು ಹುಡುಕುವಾಗ ನಾನು ಮಾಡಿದ್ದು ಅದನ್ನೇ: ಒಂದು ಚಿಕ್ಕ ನೋಟ್‌ಬುಕ್, ಒಂದು ಗಂಟೆ, ಮೂವರು ಹಿರಿಯರು, ಐದು ನಿಮಿಷಕ್ಕೊಂದು ಸಾಲು.

ಮೊದಲ ಸಲ ಬರೆದ ಪುಟ ಈಗಲೂ ನನ್ನ ಬಳಿಯಿದೆ. ಕಿಟಕಿಯ ಪಕ್ಕದ ವೀಲ್‌ಚೇರಿನಲ್ಲಿದ್ದ ಅಜ್ಜಿಯ ಹೆಸರಿನ ಮುಂದೆ ಎಂಟು ಸಲ "ನೆಲ ನೋಡುತ್ತಿದ್ದಾರೆ" ಎಂದಿದೆ. ಒಂಬತ್ತನೆಯ ಸಲಕ್ಕೆ ಹಿಂದಿನಿಂದ ಬಂದ ಹುಡುಗಿಯೊಬ್ಬಳು ಪಕ್ಕದವಳೊಡನೆ ಮಾತಾಡುತ್ತಲೇ ಬ್ರೇಕ್ ತೆಗೆದು ಗಾಲಿಕುರ್ಚಿಯನ್ನು ಹಿಂದಕ್ಕೆಳೆದಳು. ಅಜ್ಜಿ ಬೆಚ್ಚಿ ಎರಡೂ ಕೈಗಳಿಂದ ಗಾಳಿಯನ್ನು ಹಿಡಿಯಲು ನೋಡಿದರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಡಯಪರ್ ಬದಲಾಯಿಸುವ ಕೆಲಸ ಸಮಯಕ್ಕೆ ಸರಿಯಾಗಿಯೇ ನಡೆಯಿತು. ಪಟ್ಟಿ ಹಿಡಿದು ಬಂದ ತಪಾಸಣಾಧಿಕಾರಿಯಾದರೆ ಅಲ್ಲಿ ಸರಿ ಗುರುತನ್ನೇ ಹಾಕುತ್ತಿದ್ದರು. ಕಿಟ್‌ವುಡ್ ಇಂಥ ನಡವಳಿಕೆಗಳ ದೊಡ್ಡ ಪಟ್ಟಿಯನ್ನೇ ಮಾಡಿದ್ದಾರೆ: ಮಗುವಿನಂತೆ ನಡೆಸಿಕೊಳ್ಳುವುದು, ಎದುರಿಗಿದ್ದರೂ ಇಲ್ಲವೆಂಬಂತೆ ಅವರ ತಲೆಯ ಮೇಲಿಂದ ಮಾತಾಡುವುದು, ಅವರಿಗೆ ಅರ್ಥವಾಗದಷ್ಟು ವೇಗವಾಗಿ ಹೇಳುವುದು, ಅವರನ್ನು ಒಂದು ವಸ್ತುವಿನಂತೆ ಎತ್ತಿಡುವುದು. ಇವನ್ನು ಮಾಡುವವರು ಕೆಟ್ಟವರೆಂದೇನಲ್ಲ ಎಂಬುದನ್ನೂ ಅವರು ಒತ್ತಿ ಹೇಳಿದ್ದರು. ಆ ಹುಡುಗಿ ಬೆಳಗಿನಿಂದ ಒಬ್ಬಳೇ ಎಷ್ಟು ಜನರನ್ನು ಎತ್ತಿ ಕೂರಿಸಿದ್ದಳೋ ನನಗೆ ತಿಳಿಯದು.

ಊಟದ ಹೊತ್ತಿಗೆ ಹೋಗುವುದು ಇನ್ನೂ ಒಳ್ಳೆಯದು, ಏಕೆಂದರೆ ಆಗ ಸಿಬ್ಬಂದಿಗೆ ನಟಿಸಲು ಬಿಡುವಿರುವುದಿಲ್ಲ. ಉಣಿಸುವವರು ನಿಂತಿದ್ದಾರೆಯೇ ಕುಳಿತಿದ್ದಾರೆಯೇ, ಬಾಯೊಳಗಿನ ತುತ್ತು ಇಳಿಯುವ ಮುಂಚೆಯೇ ಮುಂದಿನ ಚಮಚ ತುಟಿಗೆ ತಾಗುತ್ತಿದೆಯೇ, ಕೆಮ್ಮಿದರೆ ನಿಲ್ಲಿಸುತ್ತಾರೆಯೇ ಎಂಬುದನ್ನು ನೋಡಿದರೆ ಸಾಕು, ಅರ್ಧ ಲೆಕ್ಕ ಸಿಕ್ಕಂತೆ. ತಟ್ಟೆಯ ಬಣ್ಣವೂ ಸಣ್ಣ ಸಂಗತಿಯಲ್ಲ. ಬಿಳಿ ತಟ್ಟೆಯಲ್ಲಿರುವ ತಿಳಿಬಣ್ಣದ ಆಹಾರ ಡಿಮೆನ್ಶಿಯಾ ಇರುವವರ ಕಣ್ಣಿಗೆ ಬೇರೆಯಾಗಿ ಕಾಣದೆ ಹೋಗಬಹುದು. ಬಾಸ್ಟನ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ, ಎದ್ದು ಕಾಣುವ ಗಾಢ ಬಣ್ಣದ ತಟ್ಟೆ ಲೋಟ ಕೊಟ್ಟಾಗ ಆಲ್ಝೈಮರ್ ರೋಗಿಗಳು ತಿನ್ನುವ ಪ್ರಮಾಣ ಶೇ. 25ರಷ್ಟು, ಕುಡಿಯುವ ಪ್ರಮಾಣ ಶೇ. 84ರಷ್ಟು ಹೆಚ್ಚಿತ್ತು. ತಟ್ಟೆ ಬದಲಾಯಿಸುವುದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ, ಯಾರಾದರೂ ಅದರ ಬಗ್ಗೆ ಯೋಚಿಸಿರಬೇಕು ಅಷ್ಟೆ.

ಕಡತಗಳಲ್ಲಿ ನಾನು ತೆರೆದು ನೋಡಿದ್ದು ಮೂರನ್ನು ಮಾತ್ರ. ಮೊದಲನೆಯದು ತೂಕದ ಪುಸ್ತಕ: ಒಂದೇ ತಿಂಗಳಲ್ಲಿ ಶೇ. 5, ಅಥವಾ ಆರು ತಿಂಗಳಲ್ಲಿ ಶೇ. 10ರಷ್ಟು ತೂಕ ಇಳಿದರೆ ಅದು ಗಂಭೀರ, ಆಗ ಮುಂದೇನು ಮಾಡಿದರೆಂಬುದು ಪಕ್ಕದಲ್ಲಿ ಬರೆದಿರಬೇಕು. ಎರಡನೆಯದು ಬಿದ್ದವರ ರಿಜಿಸ್ಟರ್. ನಮ್ಮಲ್ಲಿ ಯಾರೂ ಬೀಳುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಕೇಂದ್ರವನ್ನು ನಾನು ನಂಬುವುದಿಲ್ಲ; ನಡೆದಾಡಲು ಬಿಟ್ಟರೆ ಕೆಲವರು ಬೀಳುತ್ತಾರೆ, ಬಿದ್ದದ್ದನ್ನು ಬರೆದು, ಯಾವ ಹೊತ್ತಿಗೆ, ಎಲ್ಲಿ, ಯಾಕೆ ಎಂದು ಹುಡುಕುವವರು ಪ್ರಾಮಾಣಿಕರು. ಮೂರನೆಯದು ನೋವಿನ ದಾಖಲೆ. ಮಾತು ಕಳೆದುಕೊಂಡವರು ಹಲ್ಲುನೋವನ್ನೂ ಮಲಬದ್ಧತೆಯನ್ನೂ ಹೇಳಲಾರರು. ಕೂಗುತ್ತಾರೆ ಅಥವಾ ಹೊಡೆಯುತ್ತಾರೆ, ಆಗ ಮಾತ್ರೆ ಬರುತ್ತದೆ. ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಂತೈಸಿದರೆ ಸಮಾಧಾನವಾಗುತ್ತದೆಯೇ ಎಂಬ ಐದನ್ನು ನೋಡಿ ತಲಾ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುವ ಪೇನ್‌ಆ್ಯಡ್ ಎಂಬ ಸರಳ ಅಳತೆಗೋಲು 2003ರಿಂದಲೂ ಇದೆ. ಅದರ ಹೆಸರು ಕೇಳಿರದ ಕೇಂದ್ರವೂ ಒಳ್ಳೆಯದಿರಬಹುದು, ಆದರೆ "ಮಾತಾಡದವರಿಗೆ ನೋವಿದೆಯೆಂದು ನಿಮಗೆ ಹೇಗೆ ಗೊತ್ತಾಗುತ್ತದೆ" ಎಂಬ ಪ್ರಶ್ನೆಗೆ ಏನಾದರೂ ಉತ್ತರವಿರಲೇಬೇಕು.

ತೋಟ, ಬಣ್ಣಬಣ್ಣದ ಬಾಗಿಲುಗಳು, ಸಂಗೀತದ ಕೋಣೆ ಇದ್ದರೆ ಸಂತೋಷ. ನೆದರ್‌ಲ್ಯಾಂಡ್ಸ್‌ನ ವೇಸ್ಪ್‌ನಲ್ಲಿ 2009ರಲ್ಲಿ ತೆರೆದ ಹೋಗವೇಕ್ ಎಂಬ, ಮರೆವಿನ ಕಾಯಿಲೆಯವರು ಅಂಗಡಿ ಬೀದಿಗಳ ನಡುವೆ ಬದುಕುವ "ಡಿಮೆನ್ಶಿಯಾ ಹಳ್ಳಿ"ಯ ವಿಡಿಯೊಗಳನ್ನು ನೆಂಟರೆಲ್ಲ ನನಗೆ ಕಳಿಸಿದ್ದಾರೆ. ಚೆನ್ನಾಗಿದೆ. ಆದರೆ ಹಳ್ಳಿಯಿಲ್ಲದೆಯೂ, ವರ್ಷಗಟ್ಟಲೆ ಅಲ್ಲೇ ಉಳಿಯುವ ಸಿಬ್ಬಂದಿಯಿದ್ದರೆ ಹೆಚ್ಚಿನದೆಲ್ಲ ನಡೆಯುತ್ತದೆ, ಅವರಿಲ್ಲದಿದ್ದರೆ ಹಳ್ಳಿಯಿದ್ದೂ ನಡೆಯುವುದಿಲ್ಲ. ಆದ್ದರಿಂದ ವ್ಯವಸ್ಥಾಪಕರನ್ನು ಬಿಟ್ಟು ಆರೈಕೆದಾರರನ್ನೇ ಕೇಳಬೇಕು: ನೀವಿಲ್ಲಿ ಎಷ್ಟು ದಿನವಾಯಿತು, ದಿನವೂ ಇವರನ್ನೇ ನೋಡಿಕೊಳ್ಳುತ್ತೀರಾ, ರಾತ್ರಿ ಪಾಳಿಯಲ್ಲಿ ಎಷ್ಟು ಜನ. ಆಮೇಲೆ ಅಲ್ಲಿರುವ ಯಾರನ್ನಾದರೂ ತೋರಿಸಿ, ಕಾಯಿಲೆಯನ್ನು ಬಿಟ್ಟು ಇವರ ಬಗ್ಗೆ ಒಂದು ಮಾತು ಹೇಳಿ ಎನ್ನಬೇಕು.

ಅಮ್ಮ ಈಗಿರುವ ಕೇಂದ್ರವನ್ನು ನಾವು ಆರಿಸಿದ್ದು ಈ ಕೊನೆಯ ಪ್ರಶ್ನೆಯಿಂದ. ಕಟ್ಟಡ ಹಳೆಯದು, ಗೋಡೆಯ ಸುಣ್ಣ ಅಲ್ಲಲ್ಲಿ ಎದ್ದಿದೆ, ಸದ್ದಂತೂ ವಿಪರೀತ. ನಾನು ಬೆರಳು ತೋರಿಸಿದ ಅಜ್ಜನ ಬಗ್ಗೆ ಆಯಾ "ಇವರು ಬಸ್ ಓಡಿಸುತ್ತಿದ್ದವರು, ಬಾಗಿಲ ಪಕ್ಕವೇ ಕೂರಬೇಕು ಇವರಿಗೆ, ಎಲ್ಲರೂ ಹತ್ತಿದರೋ ಇಲ್ಲವೋ ನೋಡಬೇಕಲ್ಲ" ಎಂದು ನಕ್ಕಳು. ಮಾತ್ರೆಯನ್ನು ವೈದ್ಯರು ನಿಧಾನವಾಗಿ ಇಳಿಸಿ ನಿಲ್ಲಿಸಿದ ಮೇಲೆ ಅಮ್ಮನ ನಡಿಗೆ ಸ್ವಲ್ಪ ಮರಳಿತು, ಅದರ ಜೊತೆಗೆ ಸಂಜೆಯ ಚಡಪಡಿಕೆಯೂ ಮರಳಿತು. ಮೂವತ್ತು ವರ್ಷ ಪಾಠ ಹೇಳಿದವಳು, ನಾಲ್ಕೂವರೆಯಾಯಿತೆಂದರೆ ಎದ್ದು, ಗಂಟೆ ಹೊಡೆಯಿತು, ಮನೆಗೆ ಹೋಗಬೇಕು ಎಂದು ಬಾಗಿಲು ಎಳೆಯುತ್ತಾಳೆ. ಮೊದಲಿನ ಕಡೆ ಇದಕ್ಕೆ "ಕೂತ್ಕೊಳ್ಳಿ ಅಜ್ಜಿ" ಎಂಬುದೇ ಮದ್ದಾಗಿತ್ತು, ಆಮೇಲೆ ರಿಸ್ಪೆರಿಡೋನ್.

ಕಳೆದ ವಾರ ನಾನು ಹೋದಾಗ ಅದೇ ಹೊತ್ತು. ಆಯಾ ಅಮ್ಮನ ತೋಳಿಗೆ ಕೈಕೊಟ್ಟು, "ಟೀಚರ್, ಹಾಜರಿ ಪುಸ್ತಕಕ್ಕೆ ಸಹಿ ಹಾಕದೆ ಹೊರಟುಬಿಟ್ರಾ" ಎಂದು ಮೇಜಿನ ಬಳಿಗೆ ಕರೆದುಕೊಂಡು ಬಂದಳು. ರೂಲು ಎಳೆದ ಒಂದು ಹಳೆಯ ಪುಸ್ತಕ ಅದಕ್ಕೆಂದೇ ಇದೆ. ಇದು ಸುಳ್ಳಲ್ಲವೇ ಎಂದು ತಂಗಿಗೆ ಈಗಲೂ ಕಸಿವಿಸಿ. ನಾವು ಆ ವಾದವನ್ನು ಮುಗಿಸಿಲ್ಲ. ಅಮ್ಮ ಪೆನ್ನು ಹಿಡಿದು, ಸಾಲು ತಪ್ಪಿದ, ನಡುಗುವ ಅಕ್ಷರಗಳಲ್ಲಿ ತನ್ನ ಪೂರ್ತಿ ಹೆಸರನ್ನು ಬರೆದಳು, ಹಿಂದಿನ ದಿನದ ಸಹಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಮಗು ಯಾವ ತರಗತಿ ಎಂದು ವಿಚಾರಿಸಿದಳು.