ಜಿಯೋಪಾರ್ಕ್ ಪಟ್ಟ ಸಿಕ್ಕರೆ ನಮ್ಮ ಗುಡ್ಡ ಉಳಿಯುತ್ತಾ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಬಂಡೆಗಳ ಬಗ್ಗೆ ನಾನು ಮಾತು ತೆಗೆದರೆ ಸಾಕು, ಯಾರಾದರೂ ಈ ಪ್ರಶ್ನೆ ಕೇಳುತ್ತಾರೆ. ಹೊರದೇಶಗಳಲ್ಲಿ ಜಿಯೋಪಾರ್ಕ್ ಅಂತ, ಅಂದರೆ ಮಹತ್ವದ ಬಂಡೆ, ಗುಡ್ಡಗಳಿಗೆ ಹೆಸರಾದ ಪ್ರದೇಶಗಳು, ಇವೆಯಂತೆ, ನಮ್ಮಲ್ಲೂ ಒಂದು ಮಾಡಿಬಿಟ್ಟರೆ ಕ್ವಾರಿ, ಕ್ರಷರ್ ಕಾಟ ತಪ್ಪುತ್ತದೆ ಅಲ್ವಾ?

ತಪ್ಪುವುದಿಲ್ಲ. ಮೊದಲು ಕಾನೂನಿನ ರಕ್ಷಣೆ ಸಿಗಬೇಕು, ಪಟ್ಟ ಆಮೇಲೆ. ಈ ಕ್ರಮವನ್ನು ಯುನೆಸ್ಕೋ ನಿಯಮವೇ ಹೇಳುತ್ತದೆ.

‘ಯುನೆಸ್ಕೋ ಗ್ಲೋಬಲ್ ಜಿಯೋಪಾರ್ಕ್’ ಅನ್ನುವ ಪಟ್ಟ ಶುರುವಾದದ್ದು 2015ರ ನವೆಂಬರ್‌ನಲ್ಲಿ. 2025ರ ಹೊತ್ತಿಗೆ 50 ದೇಶಗಳಲ್ಲಿ ಇಂಥ 229 ಜಿಯೋಪಾರ್ಕ್‌ಗಳಾದವು. ಭಾರತದಲ್ಲಿ ಒಂದೂ ಇಲ್ಲ. ಅರ್ಜಿ ಹಾಕುವ ಮೊದಲೇ ಅಲ್ಲಿನ ಮುಖ್ಯ ಶಿಲಾ ತಾಣಗಳಿಗೆ ಆ ದೇಶದ ಕಾನೂನಿನ ರಕ್ಷಣೆ ಇರಬೇಕು. ನೋಡಿಕೊಳ್ಳಲು ಕಾನೂನುಬದ್ಧವಾದ ಒಂದು ಸಂಸ್ಥೆ ಬೇಕು. ನಾಲ್ಕು ವರ್ಷಕ್ಕೊಮ್ಮೆ ಮರುಪರಿಶೀಲನೆ ನಡೆಯುತ್ತದೆ, ಸರಿಯಿಲ್ಲದಿದ್ದರೆ ಪಟ್ಟ ಹೋಗುತ್ತದೆ. ಆದರೆ ಪಟ್ಟ ಸಿಕ್ಕಿತು ಅಂತ ಯಾವ ಕೆಲಸವೂ ನಿಷೇಧವಾಗುವುದಿಲ್ಲ. ದೇಶದ ಕಾನೂನು ಒಪ್ಪುವ ಗಣಿ ಇದ್ದರೆ ಅದು ನಡೆಯುತ್ತಲೇ ಇರಬಹುದು.

ಹಾಗಾದರೆ ನಮ್ಮ ಕಾನೂನು ಏನು ಹೇಳುತ್ತದೆ? ಬೇಸರದ ವಿಷಯ ಇಲ್ಲೇ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್ಐ, ಕೆಲವು ತಾಣಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಕರ್ನಾಟಕದಲ್ಲಿ ಲಾಲ್‌ಬಾಗ್ ಬಂಡೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿ, ಕೋಲಾರದ ಒಂದು ತಾಣ ಆ ಪಟ್ಟಿಯಲ್ಲಿವೆ. ನಮ್ಮ ಮೂರು ಜಿಲ್ಲೆಗಳಿಂದ ಒಂದೂ ಇಲ್ಲ. ಇದ್ದರೂ ಆ ಬೋರ್ಡಿನ ಹಿಂದೆ ಪ್ರತ್ಯೇಕ ಕಾಯ್ದೆ ಅಂತ ಇಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗಣಿ ಸಚಿವಾಲಯ ಭೂಪರಂಪರೆ ತಾಣಗಳ ಕರಡು ಮಸೂದೆಯೊಂದನ್ನು ಜನರ ಅಭಿಪ್ರಾಯಕ್ಕೆ ಬಿಟ್ಟಿತು. ತಾಣ ಹಾಳು ಮಾಡಿದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಅದರಲ್ಲಿತ್ತು. ಅದು ಇನ್ನೂ ಕಾಯ್ದೆಯಾಗಿಲ್ಲ. ಆ ಕರಡಿನಲ್ಲಿ ಅಧಿಕಾರವೆಲ್ಲ ದೆಹಲಿ ಮತ್ತು ಜಿಎಸ್ಐ ಕೈಯಲ್ಲೇ ಜಾಸ್ತಿ, ಊರಿನವರಿಗೆ ಮಾತು ಕಡಿಮೆ. ಬರುವುದಾದರೆ ಅದನ್ನು ತಿದ್ದಿಕೊಂಡು ಬರಲಿ ಅಂತ ನನ್ನ ಆಸೆ.

ಸದ್ಯಕ್ಕೆ ನಮ್ಮ ಬಂಡೆಗಳನ್ನು ಕಾಯುತ್ತಿರುವುದು ಬೇರೆ ಉದ್ದೇಶಕ್ಕೆ ಬರೆದ ಕಾನೂನುಗಳು. ರಾಯಚೂರು ಜಿಲ್ಲೆಯ ಮಸ್ಕಿಯನ್ನೇ ತೆಗೆದುಕೊಳ್ಳಿ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಅಲ್ಲಿನ ಅಶೋಕನ ಶಾಸನ ಬಿತ್ತು. ಹಟ್ಟಿಯಿಂದ ಮಸ್ಕಿವರೆಗೆ ಹಬ್ಬಿರುವ ಶಿಲಾಪಟ್ಟಿಯಲ್ಲಿ ಚಿನ್ನ ಇದ್ದದ್ದಕ್ಕೇ ಆತ ಅಲ್ಲಿಗೆ ಬಂದದ್ದು. ಕಲ್ಲಿನ ಕಥೆ, ಅಕ್ಷರದ ಕಥೆ ಎರಡೂ ಅಲ್ಲಿ ಒಂದೇ. ಆದರೆ 1958ರ ಪುರಾತನ ಸ್ಮಾರಕಗಳ ಕಾಯ್ದೆಗೆ ಕಾಣುವುದು ಅಕ್ಷರ ಮಾತ್ರ. ಕನಿಷ್ಠ ನೂರು ವರ್ಷ ಹಳೆಯ ಕಟ್ಟಡ, ಗುಹೆ, ಶಾಸನ, ಕೆತ್ತನೆ ಇದ್ದರೆ ಅದು ಸ್ಮಾರಕವಾಗಬಹುದು. 2010ರ ತಿದ್ದುಪಡಿಯಿಂದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಜಾಗ, ಅದರಾಚೆ 200 ಮೀಟರ್ ನಿಯಂತ್ರಿತ ಜಾಗ. ನೂರಾರು ಕೋಟಿ ವರ್ಷ ಹಳೆಯದಾದ ಬಂಡೆ ಅದರಾಚೆ ನಿಂತಿದ್ದರೆ ಈ ಕಾಯ್ದೆಗೂ ಅದಕ್ಕೂ ಸಂಬಂಧವಿಲ್ಲ.

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಮೋರೇರ ಗುಡ್ಡ ಉಳಿದದ್ದೂ ಹಾಗೆಯೇ. ಅಲ್ಲಿನ ಸುಮಾರು 400 ಶಿಲಾಸಮಾಧಿಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ, 2021ರಲ್ಲಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದವು. ಮನುಷ್ಯ ಚಪ್ಪಡಿ ಎಬ್ಬಿಸಿ ಮನೆಯಂತೆ ನಿಲ್ಲಿಸಿದ್ದರಿಂದ ಆ ಕಲ್ಲಿಗೆ ಬೆಲೆ ಬಂತು. ಮನುಷ್ಯ ಮುಟ್ಟದ ಪಕ್ಕದ ಗುಡ್ಡಕ್ಕೆ? ಗಣಿ ಕಾಯ್ದೆಯಲ್ಲಿ ಅದು ಉಪಖನಿಜ, ಅಷ್ಟೇ. ಉಪಖನಿಜದ ನಿಯಮ ಮಾಡುವ ಅಧಿಕಾರ 1957ರ ಗಣಿ ಕಾಯ್ದೆಯ 15ನೇ ಕಲಮಿನ ಪ್ರಕಾರ ರಾಜ್ಯದ್ದು. ಕಟ್ಟಡದ ಕಲ್ಲು, ಗ್ರಾನೈಟ್ ಎಲ್ಲ ಇದರಲ್ಲೇ ಬರುತ್ತವೆ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ದೆಹಲಿ ಮಸೂದೆಗೆ ಕಾಯುತ್ತ ಕೂರಬೇಕಿಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಎಲ್ಲಿ ಲೀಸು ಕೊಡಬಾರದು ಅಂತ ಬೆಂಗಳೂರಿನಲ್ಲೇ ತೀರ್ಮಾನಿಸಬಹುದು.

ಇನ್ನೊಂದು ದಾರಿಯೂ ಇದೆ, ಜಾಸ್ತಿ ಜನ ಗಮನಿಸಿಲ್ಲ. 1972ರ ವನ್ಯಜೀವಿ ಕಾಯ್ದೆಯ 18ನೇ ಕಲಮು ಅಭಯಾರಣ್ಯ ಘೋಷಿಸಲು ಕಾರಣಗಳನ್ನು ಹೇಳುವಾಗ ಗಿಡ, ಪ್ರಾಣಿಗಳ ಜೊತೆಗೆ ಭೂರೂಪದ ಮಹತ್ವವನ್ನೂ ಸೇರಿಸಿದೆ. ನಮ್ಮ ಕಡೆ ಕರಡಿ, ತೋಳ, ಚಿರತೆ ಬದುಕುವುದೇ ಬಂಡೆಗಳ ಸಂದಿಯಲ್ಲಿ. ದರೋಜಿ ಕರಡಿಧಾಮದಲ್ಲಿ ಕರಡಿಯ ಜೊತೆಗೆ ಬಂಡೆಯೂ ಉಳಿಯಿತು. ಹೊಸ ಧಾಮದ ಪ್ರಸ್ತಾವ ಬರೆಯುವವರು ಕಲ್ಲಿನ ಬಗ್ಗೆಯೂ ಒಂದು ಪುಟ ಬರೆಯಲಿ. ಸಂಡೂರಿನಲ್ಲಂತೂ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳನ್ನು ನಿಲ್ಲಿಸಿದಾಗ ವಾದ ನಡೆದದ್ದು ಕಾಡು, ಪರಿಸರ, ಅಕ್ರಮ ಅದಿರಿನ ಮೇಲೆ. ಆ ಗುಡ್ಡಗಳ ಪದರಗಳಲ್ಲಿ 250 ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದ ದಾಖಲೆ ಇದೆ ಅನ್ನುವುದಕ್ಕೆ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ನನಗೆ ತುಂಬಾ ನೋವು ಕೊಡುವ ವಿಷಯ ಇದು.

ಮಾದರಿ ಬೇಕಾದರೆ ಪಕ್ಕದಲ್ಲೇ ಇದೆ. ಹಂಪಿಗಾಗಿ ರಾಜ್ಯವೇ 2002ರ ಕಾಯ್ದೆಯ ಮೂಲಕ ಪ್ರಾಧಿಕಾರ ಕಟ್ಟಿತು. ಹೊಳೆಯ ಈಚೆಯ ಆನೆಗುಂದಿಯೂ ಅದರ ವ್ಯಾಪ್ತಿಯಲ್ಲಿದೆ. ಅಲ್ಲಿ ಮನೆ ಕಟ್ಟುವ ಜನಕ್ಕೆ ಆಗಿರುವ ತೊಂದರೆ ಸುಳ್ಳಲ್ಲ. ಅದಕ್ಕೇ ಹೊಸದಾಗಿ ಏನೇ ಮಾಡಿದರೂ ಗಡಿ ಗುರುತಿಸುವ ಮೊದಲು ಗ್ರಾಮಸಭೆ ನಡೆಯಬೇಕು, ಕ್ವಾರಿ ಕೂಲಿ ನಂಬಿದವರಿಗೆ ಬೇರೆ ದುಡಿಮೆಯ ಮಾತೂ ಅಲ್ಲೇ ಆಗಬೇಕು. ಜಿಯೋಪಾರ್ಕ್ ಪಟ್ಟಕ್ಕೂ ಸ್ಥಳೀಯರ ಪಾಲು ಕಡ್ಡಾಯ.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ, ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡ ಅನ್ನುತ್ತೇನೆ. ಅಲ್ಲಿ ಗ್ರಾನೈಟ್ ಸೀಳಿಕೊಂಡು ಮೇಲೆ ಬಂದ ಕಪ್ಪು ಡಾಲರೈಟ್ ಕಲ್ಲಿನ ಸಾಲಿದೆ. ಹೊಸ ಶಿಲಾಯುಗದ ಜನ ಆ ಕಲ್ಲಿನಿಂದ ಕೊಡಲಿ ಮಾಡಿದರು, ಅದರ ಮೇಲೆ ದನಗಳ ಚಿತ್ರ ಕುಟ್ಟಿದರು. ಕೆಲವು ಬಂಡೆಗಳನ್ನು ತಟ್ಟಿದರೆ ನಾದ ಬರುತ್ತದೆ. ಕ್ವಾರಿಯಿಂದ ಈಗಾಗಲೇ ಒಂದಷ್ಟು ಹಾಳಾಗಿದೆ. ಸ್ಮಾರಕದ ವಾದ, ಶಿಲೆಯ ವಾದ ಎರಡೂ ಒಂದೇ ಅರ್ಜಿಯಲ್ಲಿ ಬರೆಯಬಹುದಾದ ಜಾಗ ಅದು. ಸರ್ವೆ ನಂಬರ್ ತೆಗೆಸಿ, ಜಮೀನು ಕಂದಾಯದ್ದೋ ಅರಣ್ಯದ್ದೋ ನೋಡಿ, ಪಂಚಾಯಿತಿ ಠರಾವಿನ ಜೊತೆ ಜಿಲ್ಲಾಧಿಕಾರಿಗೆ ಒಂದು ಪ್ರತಿ, ಜಿಎಸ್ಐಗೆ ಒಂದು ಪ್ರತಿ ಕೊಡಿ. ಬರೆಯಲು ಕೂರುವವರ ಜೊತೆ ನಾನೂ ಕೂರುತ್ತೇನೆ.