ಹೂವಿನ ಅಂಗಡಿಯ ರೇಡಿಯೋ

ಇವತ್ತು ಬೆಳಿಗ್ಗೆ ಮಲ್ಲಿಗೆ ತರೋಕೆ ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ಹೂವಿನ ಸಾಲಿನಲ್ಲಿ ಒಬ್ಬರು ಅಜ್ಜಿ. ಅವರ ಪಕ್ಕದಲ್ಲಿ ಪುಟ್ಟ ರೇಡಿಯೋ. ಬ್ಯಾಟರಿ ಮುಚ್ಚಳ ಕಳೆದುಹೋಗಿದೆ, ರಬ್ಬರ್ ಬ್ಯಾಂಡ್ ಸುತ್ತಿದ್ದಾರೆ. ಮುರಿದ ಏರಿಯಲ್‌ಗೆ ಒಂದು ತುಂಡು ತಂತಿ. ಯಾವುದೋ ಭಾವಗೀತೆ ಬರುತ್ತಿತ್ತು. ಮೊಳ ಹಾಕುತ್ತಿದ್ದ ಕೈ ಹಾಗೇ ನಿಂತಿತು.

"ತಡಿ ಕಣವ್ವ, ಈ ಸಾಲೊಂದ್ ಮುಗುದ್ಬುಡ್ಲಿ" ಅಂದರು.

ನಾನೂ ಇಯರ್‌ಫೋನ್ ತೆಗೆದು ಚೀಲಕ್ಕೆ ಹಾಕಿದೆ. ಇಬ್ಬರೂ ಸುಮ್ನೆ ನಿಂತು ಕೇಳಿದೆವು. ಎಷ್ಟು ಚೆನ್ನಾಗಿತ್ತು!

ರೇಡಿಯೋಗೂ ನಮ್ಮೂರಿಗೂ ಹಳೇ ನಂಟು ಅಲ್ವಾ. 1935ರಲ್ಲಿ ಇಲ್ಲಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರೇ ಆಕಾಶವಾಣಿ. ಮುಂದೆ ಅದು ಇಡೀ ದೇಶದ ರೇಡಿಯೋಗೆ ಹೆಸರಾಯಿತು. ನೆನೆದರೆ ಈಗಲೂ ಹೆಮ್ಮೆ ಆಗುತ್ತದೆ.

ಅಮ್ಮ ನೆನಪಾದರು. ಒಗ್ಗರಣೆ ಹಾಕುವ ಮುಂಚೆ ವಾಲ್ಯೂಮ್ ಜಾಸ್ತಿ ಮಾಡುತ್ತಿದ್ದರು, ಸಾಸಿವೆ ಚಟಪಟದಲ್ಲಿ ಹಾಡು ತಪ್ಪಿಹೋಗಬಾರದು ಅಂತ. ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆ ಆಂಟಿ ಮುಂದಿನ ಸಾಲು ಹಾಡುತ್ತಿದ್ದರು. ಒಂದೇ ರೇಡಿಯೋ, ಎರಡು ಮನೆಗೆ ಹಾಡು.

ಈಗ ನಮ್ಮ ಮನೆಯಲ್ಲಿ ನಾಲ್ಕು ಜನ, ನಾಲ್ಕು ಫೋನು. ಮಗಳು ದಿನವಿಡೀ ಏನು ಕೇಳುತ್ತಾಳೋ ನನಗೆ ಗೊತ್ತೇ ಇಲ್ಲ. ಅದು ನಿಜಕ್ಕೂ ಬೇಜಾರು. ಇವತ್ತು ರಾತ್ರಿ ಚಪಾತಿ ಲಟ್ಟಿಸುವಾಗ ಕೇಳುತ್ತೇನೆ: "ನಿನಗಿಷ್ಟವಾದ ಹಾಡು ಹಾಕಮ್ಮ. ಜೋರಾಗೇ ಹಾಕು."